ಆಟ ಕಾಯುತ್ತದೆ, ನಿದ್ದೆ ಕಾಯುವುದಿಲ್ಲ

ತಲೆನೋವು, ಕಣ್ಣುರಿ, ಬೆಳಿಗ್ಗೆ ಏಳಲಾಗದಷ್ಟು ಸುಸ್ತು. ಹದಿಹರೆಯದ ಮಕ್ಕಳನ್ನು ಕರೆತರುವ ತಂದೆ ತಾಯಂದಿರು ನಮ್ಮಂಥ ಸಾಮಾನ್ಯ ವೈದ್ಯರ ಮುಂದೆ ಇಡುವ ದೂರುಗಳಿವು. ರಕ್ತ ಪರೀಕ್ಷೆ ಮಾಡಿಸಬೇಕೇ, ಕನ್ನಡಕ ಬೇಕಾದೀತೇ, ಟಾನಿಕ್ ಏನಾದರೂ ಬರೆದುಕೊಡುತ್ತೀರಾ ಎಂದು ಕೇಳುತ್ತಾರೆ. ರಕ್ತಹೀನತೆ, ದೃಷ್ಟಿದೋಷ, ಥೈರಾಯ್ಡ್ ತೊಂದರೆಗಳಿವೆಯೇ ಎಂದು ನೋಡಬೇಕಾದದ್ದು ನಿಜ. ಆದರೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಬೇಕಾಗಿದೆ. ‘ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯಪ್ಪಾ? ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀಯ?’

ಹುಡುಗ ತಲೆ ತಗ್ಗಿಸುತ್ತಾನೆ. ತಾಯಿ ಉತ್ತರ ಕೊಡುತ್ತಾರೆ, ‘ಮೊಬೈಲಿನಲ್ಲಿ ಆಟ ಡಾಕ್ಟ್ರೇ, ಇನ್ನೇನು?’ ತಂದೆ ಅಷ್ಟರಲ್ಲಿ ರೋಗನಿದಾನವನ್ನೂ ಮುಗಿಸಿರುತ್ತಾರೆ. ‘ಇವನಿಗೆ ಚಟ ಹತ್ತಿದೆ. ಫೋನ್ ಕಿತ್ತುಕೊಂಡು ಬೀಗ ಹಾಕಿಬಿಡಲೇ?’

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಏಕೆಂದರೆ ಮೊಬೈಲ್ ಆಟಗಳೆಲ್ಲವೂ ಒಂದೇ ಬಗೆಯವಲ್ಲ. ಮಗು ಆಡುತ್ತಿರುವ ಆಟ ಯಾವುದು, ಅದು ಹೇಗೆ ನಡೆಯುತ್ತದೆ ಎಂದು ತಿಳಿಯದೆ ಮಾಡುವ ಚಿಕಿತ್ಸೆ, ನಾಡಿ ಹಿಡಿಯದೆ ಕೊಟ್ಟ ಔಷಧಿಯಂತೆ. ಆದ್ದರಿಂದ ಈ ವಾರ ಒಂದು ಬಗೆಯ ಆಟವನ್ನು ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಸರದಿಯ ಆಟ?

ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು, ಕಾಯದ ಆಟ. ಅಲ್ಲಿ ಓಟ, ಗುಂಡಿನ ಕಾಳಗ, ಕಾರು ಪಂದ್ಯಗಳೆಲ್ಲ ಕ್ಷಣಕ್ಷಣಕ್ಕೂ ನಡೆಯುತ್ತಿರುತ್ತವೆ. ಆಡುವವನು ಒಂದು ಗಳಿಗೆ ಕಣ್ಣು ತೆಗೆದರೆ ಸೋತಂತೆ. ಇನ್ನೊಂದು, ಕಾಯುವ ಆಟ. ಚದುರಂಗದಂತೆ ಇಲ್ಲಿ ನೀವೊಂದು ನಡೆ ನಡೆಸಿದ ಮೇಲೆ ಎದುರಾಳಿಯ ಸರದಿ, ಅವನ ನಂತರ ಮತ್ತೆ ನಿಮ್ಮ ಸರದಿ. ಒಂಟಿಯಾಗಿ ಯಂತ್ರದ ವಿರುದ್ಧ ಆಡುವಾಗ ನಿಮ್ಮ ಸರದಿ ಬಂದರೆ ನೀವು ಐದು ನಿಮಿಷ ಯೋಚಿಸಿದರೂ, ಐದು ದಿನ ಬಿಟ್ಟು ಬಂದರೂ ಆಟ ಅಲ್ಲೇ ನಿಂತಿರುತ್ತದೆ.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ‘ದಿ ಬ್ಯಾಟಲ್ ಆಫ್ ಪಾಲಿಟೋಪಿಯಾ’. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಮಿಡ್ಜಿವಾನ್ ಎಂಬ ಸಣ್ಣ ಸಂಸ್ಥೆ 2016ರಲ್ಲಿ ಹೊರತಂದ ಈ ಆಟವನ್ನು ಇಂದು ಜಗತ್ತಿನಾದ್ಯಂತ ದೊಡ್ಡವರೂ ಮಕ್ಕಳೂ ಆಡುತ್ತಾರೆ. ಪ್ರಾಚೀನ ಕಾಲದ ಬುಡಕಟ್ಟುಗಳ ಲೋಕ ಅದು. ಚೌಕಚೌಕವಾದ ನಕ್ಷೆಯ ಬಹುಭಾಗ ಮೋಡದಿಂದ ಮುಚ್ಚಿರುತ್ತದೆ. ನಿಮಗೊಂದು ಊರು, ಒಬ್ಬ ಯೋಧ ಸಿಗುತ್ತಾರೆ. ಹಣ್ಣು ಕೀಳುವುದು, ಬೇಟೆಯಾಡುವುದು, ಮೀನು ಹಿಡಿಯುವುದು, ಗುಡ್ಡ ಹತ್ತುವುದು, ಕುದುರೆ ಸವಾರಿ ಮುಂತಾದ ವಿದ್ಯೆಗಳನ್ನು ಒಂದೊಂದಾಗಿ ಕಲಿಯುತ್ತಾ ಊರನ್ನು ಬೆಳೆಸಬೇಕು. ಪ್ರತಿ ಸರದಿಗೂ ಇಷ್ಟು ನಕ್ಷತ್ರಗಳೆಂಬ ಆದಾಯ ಬರುತ್ತದೆ. ಅದನ್ನು ವಿದ್ಯೆಗೆ ಖರ್ಚು ಮಾಡಬೇಕೋ, ಬಿಲ್ಲುಗಾರರನ್ನು ಕಟ್ಟಬೇಕೋ, ಹೊಸ ಊರು ಹಿಡಿಯಬೇಕೋ ಎಂಬುದೇ ಒಗಟು. ಕೈಚಳಕಕ್ಕಿಂತ ಯೋಚನೆಗೆ ಇಲ್ಲಿ ಬೆಲೆ ಹೆಚ್ಚು.

ವೈದ್ಯನ ಕಣ್ಣಿನಿಂದ ನೋಡಿದರೆ ಈ ಆಟದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇದರಲ್ಲಿ ‘ಪರ್ಫೆಕ್ಷನ್’ ಎಂಬ ವಿಧಾನವನ್ನು ಆರಿಸಿಕೊಂಡರೆ ಆಟ ಸರಿಯಾಗಿ 30 ಸರದಿಗಳಿಗೆ ಮುಗಿಯುತ್ತದೆ. ಅಂಕ ಎಣಿಸಿ ಆಟ ತೆರೆ ಎಳೆಯುತ್ತದೆ. ‘ಡಾಮಿನೇಷನ್’ ಎಂಬ ಇನ್ನೊಂದು ವಿಧಾನದಲ್ಲಿ ಎಲ್ಲ ಎದುರಾಳಿಗಳು ಸೋಲುವ ತನಕ ಆಟ ಸಾಗುತ್ತಲೇ ಇರುತ್ತದೆ. ಒಂದಕ್ಕೆ ಕೊನೆಯಿದೆ, ಇನ್ನೊಂದರ ಕೊನೆ ಎಲ್ಲೋ ದೂರದಲ್ಲಿದೆ. ಆರೋಗ್ಯದ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ.

ನಮಗೆ ಹೊಸದೇನಲ್ಲ

ಸರದಿಯ ಆಟ ಮನುಷ್ಯನಿಗೆ ಮೊಬೈಲಿನಿಂದ ಬಂದದ್ದಲ್ಲ. ಇಂದಿನ ಇರಾಕಿನ ಉರ್ ಎಂಬ ಪ್ರಾಚೀನ ನಗರದ ರಾಜ ಸಮಾಧಿಗಳನ್ನು 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಎಂಬ ಪುರಾತತ್ತ್ವಜ್ಞರು ಅಗೆದಾಗ ಸುಮಾರು 4,500 ವರ್ಷ ಹಳೆಯ ಆಟದ ಮಣೆಗಳು ದೊರೆತವು. ಈಜಿಪ್ಟಿನಲ್ಲಿ ತುತನ್‌ಖಾಮನ್ ದೊರೆಯ ಸಮಾಧಿಯಲ್ಲಿ ‘ಸೆನೆತ್’ ಎಂಬ ಆಟದ ಮಣೆಗಳಿದ್ದವು. ಸತ್ತ ಮೇಲೂ ಆಟ ಬೇಕೆಂದು ಆ ಜನ ಭಾವಿಸಿದ್ದರು.

ನಮ್ಮಲ್ಲಿಯೂ ಅಷ್ಟೇ. ಹಂಪಿಯ ಮಂಟಪಗಳ ನೆಲಗಲ್ಲುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಚೌಕಾಬಾರ, ಹುಲಿ-ಕುರಿ, ಪಗಡೆ, ಹುಣಸೆ ಬೀಜ ಹಾಕಿ ಆಡುವ ಅಳಗುಳಿಮಣೆ ಎಲ್ಲವೂ ಸರದಿಯ ಆಟಗಳೇ. ಹುಲಿ-ಕುರಿ ಆಡಿದವರಿಗೆ ಪಾಲಿಟೋಪಿಯಾದ ಮರ್ಮ ಹೇಳಿಕೊಡಬೇಕಾಗಿಲ್ಲ. ಕುರಿಗಳನ್ನು ಒಗ್ಗೂಡಿಸಿ ಹುಲಿಯ ದಾರಿ ಕಟ್ಟುವುದು, ಒಂದು ಕುರಿ ಬಿಟ್ಟುಕೊಟ್ಟು ನಾಲ್ಕನ್ನು ಉಳಿಸುವುದು, ಮೂರು ನಡೆ ಮುಂದಿನದನ್ನು ಈಗಲೇ ಊಹಿಸುವುದು, ಇವೆಲ್ಲ ಅದೇ ವಿದ್ಯೆ.

ಹಾಗಿದ್ದರೆ ಅಜ್ಜಿಯ ಅಳಗುಳಿಮಣೆಯಿಂದ ಬಾರದ ತೊಂದರೆ ಮೊಬೈಲಿನಿಂದ ಏಕೆ ಬರುತ್ತದೆ? ಹಳೆಯ ಆಟಗಳಿಗೆ ತಾವಾಗಿಯೇ ಒದಗುತ್ತಿದ್ದ ತಡೆಗಳು ಮೂರು. ಎದುರಿಗೆ ಇನ್ನೊಬ್ಬರು ಬೇಕಿತ್ತು, ಅವರಿಗೆ ಸಾಕೆನಿಸಿದರೆ ಆಟ ಮುಗಿಯಿತು. ಬೆಳಕು ಬೇಕಿತ್ತು, ಸಂಜೆಯಾದರೆ ಮಣೆ ಮಡಚಬೇಕಿತ್ತು. ಮನೆಯ ನಡುವೆ ಕೂತು ಆಡಬೇಕಿತ್ತು, ಹಿರಿಯರ ಕಣ್ಣಿಗೆ ಬೀಳುತ್ತಿತ್ತು. ಮೊಬೈಲಿನ ಎದುರಾಳಿಗೆ ದಣಿವಿಲ್ಲ, ಪರದೆಗೆ ಸ್ವಂತ ಬೆಳಕಿದೆ, ಹೊದಿಕೆಯೊಳಗೆ ಆಡಿದರೆ ಯಾರಿಗೂ ಕಾಣುವುದಿಲ್ಲ. ಆಟದ ಸ್ವಭಾವ ಹೆಚ್ಚು ಬದಲಾಗಿಲ್ಲ, ಅದರ ಸುತ್ತಲಿನ ಬೇಲಿ ಮಾತ್ರ ಕಿತ್ತುಹೋಗಿದೆ.

‘ಇನ್ನೊಂದೇ ಸರದಿ’

ಇಂತಹ ಆಟಗಳಿಗೆಲ್ಲ ಹಿರಿಯಣ್ಣನಂತಿರುವುದು ಸಿಡ್ ಮಾಯರ್ ಎಂಬುವರು ರೂಪಿಸಿದ, 1991ರಲ್ಲಿ ಬಿಡುಗಡೆಯಾದ ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟ. ಕ್ರಿಸ್ತಪೂರ್ವ 4000ದಿಂದ ಆರಂಭಿಸಿ ಒಂದು ನಾಗರಿಕತೆಯನ್ನೇ ಕಟ್ಟಬೇಕು. ಆಡುವವರ ನಡುವೆ ಈ ಆಟದ ಬಗ್ಗೆ ಹುಟ್ಟಿಕೊಂಡ ಮಾತು, ‘ಇನ್ನೊಂದೇ ಸರದಿ’. ಇನ್ನೊಂದು ಸರದಿ ಆಡಿ ಮಲಗುತ್ತೇನೆ ಎಂದುಕೊಂಡವನು ಕೋಳಿ ಕೂಗುವಾಗಲೂ ಕೂತಿರುತ್ತಾನೆ. ಮುಂದೆ ಆಟದ ತಯಾರಕರೇ, ಆಟ ಮುಗಿದ ಮೇಲೂ ಮುಂದುವರಿಯಲು ಇದೇ ಹೆಸರಿನ ಗುಂಡಿಯೊಂದನ್ನು ಇಟ್ಟರು!

ಹೀಗೇಕಾಗುತ್ತದೆ? ಈ ಆಟಗಳಲ್ಲಿ ಕೆಲಸಗಳು ಒಂದರ ಬಾಲಕ್ಕೆ ಒಂದು ಗಂಟು ಬಿದ್ದಿರುತ್ತವೆ. ಈ ಸರದಿಯಲ್ಲಿ ಹೊರಟ ಸವಾರ ಮುಂದಿನ ಸರದಿಯಲ್ಲಿ ಊರು ಮುಟ್ಟುತ್ತಾನೆ. ಅವನು ಮುಟ್ಟುವಾಗ ಇಲ್ಲಿ ಹೊಸ ವಿದ್ಯೆಗೆ ಬೇಕಾದ ನಕ್ಷತ್ರಗಳು ಕೂಡಿರುತ್ತವೆ. ಆ ವಿದ್ಯೆ ಬಂದಾಗ ಅತ್ತ ಶತ್ರು ಬಾಗಿಲಿಗೆ ಬಂದಿರುತ್ತಾನೆ. ಎಲ್ಲ ಕೆಲಸವೂ ಒಟ್ಟಿಗೆ ಮುಗಿದ ಗಳಿಗೆಯೇ ಇಲ್ಲಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವ ಒತ್ತಡ ಮನುಷ್ಯರಲ್ಲಿ ಬಲವಾಗಿರುತ್ತದೆ ಎಂದು ಮರಿಯಾ ಒವ್ಸಿಯಾಂಕಿನಾ ಎಂಬ ಮನೋವಿಜ್ಞಾನಿ 1928ರಷ್ಟು ಹಿಂದೆಯೇ ತೋರಿಸಿದ್ದರು. ಅರ್ಧ ಹೆಣೆದ ಸ್ವೆಟರ್, ಅರ್ಧ ಓದಿದ ಪತ್ತೇದಾರಿ ಕಾದಂಬರಿ ಎಲ್ಲರನ್ನೂ ಹೀಗೆಯೇ ಕರೆಯುತ್ತವೆ.

ಇದರ ಹಿಂದೆ ಮಿದುಳಿನ ರಸಾಯನವೂ ಇದೆ. 1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎಂಟು ಮಂದಿಗೆ ವಿಡಿಯೋ ಆಟ ಆಡಲು ಕೊಟ್ಟು ಸ್ಕ್ಯಾನ್ ಮಾಡಿದಾಗ ಅವರ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಕಂಡಿತು. ಇದನ್ನೇ ಹಿಡಿದು ‘ಆಟವೆಂದರೆ ಮಾದಕ ದ್ರವ್ಯ’ ಎಂದು ಗುಲ್ಲೆಬ್ಬಿಸುವವರಿದ್ದಾರೆ. ಅದು ಸರಿಯಲ್ಲ. ರುಚಿಯಾದ ಊಟ ಮಾಡಿದರೂ, ಇಷ್ಟವಾದ ಹಾಡು ಕೇಳಿದರೂ ಡೋಪಮಿನ್ ಬಿಡುಗಡೆಯಾಗುತ್ತದೆ. ‘ಇದು ಚೆನ್ನಾಗಿದೆ, ಮತ್ತೆ ಮಾಡು’ ಎಂದು ಮಿದುಳು ತನಗೆ ತಾನೇ ಹೇಳಿಕೊಳ್ಳುವ ರೀತಿ ಅದು. ಹದಿಹರೆಯದವರಲ್ಲಿ ಈ ಕರೆ ಜೋರಾಗಿರುತ್ತದೆ, ‘ಸಾಕು’ ಎನ್ನುವ ಮುಂಭಾಗದ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಆದ್ದರಿಂದ ನಿಲ್ಲಿಸಲಾಗದ ಹುಡುಗನನ್ನು ಹಟಮಾರಿ ಎಂದು ಕರೆಯುವ ಮುನ್ನ ಇದು ನೆನಪಿರಲಿ.

ಕಳೆದುಹೋಗುವುದು ನಿದ್ದೆ

ಆರರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದಕ್ಕೆ ಟ್ಯೂಷನ್‌ಗೆ ಏಳುವ ಹುಡುಗ ರಾತ್ರಿ ಒಂದು ಗಂಟೆಯವರೆಗೆ ಆಡಿದರೆ ಅವನಿಗೆ ಸಿಗುವುದು ನಾಲ್ಕೇ ಗಂಟೆ.

ನಿದ್ದೆ ಎಂದರೆ ಬರೀ ವಿಶ್ರಾಂತಿಯಲ್ಲ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗಲೇ. ನಿದ್ದೆ ಕೆಟ್ಟವನಿಗೆ ಸಿಡುಕು, ತಲೆನೋವು, ಹಸಿವಿನ ಏರುಪೇರು, ಪಾಠದಲ್ಲಿ ಗಮನವಿಲ್ಲದಿರುವುದು ಎಲ್ಲವೂ ಬರುತ್ತವೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ತಡವಾಗಿ ನಡೆಯುವುದರಿಂದ ನಿದ್ದೆ ಬರುವುದು ಸಹಜವಾಗಿಯೇ ತಡ. ಅದರ ಮೇಲೆ ಪರದೆಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಬೆಳಕಿಗಿಂತಲೂ ಹೆಚ್ಚಾಗಿ, ಲೆಕ್ಕಾಚಾರದಲ್ಲಿ ಕಾವೇರಿದ ತಲೆ ದಿಂಬಿಗೆ ಒರಗಿದ ಮೇಲೂ ನಡೆಗಳನ್ನೇ ಎಣಿಸುತ್ತಿರುತ್ತದೆ.

ನಿದ್ದೆಗೇಡು ಕೆಲವೊಮ್ಮೆ ಅಡಗಿದ್ದ ರೋಗವನ್ನೂ ಹೊರಹಾಕುತ್ತದೆ. ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಆತನ ತಾಯಿ ಕರೆತಂದಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಹಾರಿ ಬೀಳುತ್ತಿತ್ತು, ಕಾಫಿ ಲೋಟ ಮೈಮೇಲೆ ಚೆಲ್ಲುತ್ತಿತ್ತು. ‘ರಾತ್ರಿಯೆಲ್ಲ ಆಟ, ಬೆಳಿಗ್ಗೆ ನಿದ್ದೆಗಣ್ಣು’ ಎಂದು ಮನೆಯಲ್ಲಿ ಬೈಗುಳ. ವಿಚಾರಿಸಿದಾಗ ತಿಳಿದದ್ದು, ಎಚ್ಚರವಿರುವಾಗಲೇ ಎರಡೂ ತೋಳುಗಳು ಒಮ್ಮೆಲೇ ಜಗ್ಗಿದಂತಾಗುತ್ತಿತ್ತು, ಅದೂ ತಡರಾತ್ರಿಯವರೆಗೆ ಆಡಿದ ಮರುದಿನವೇ ಹೆಚ್ಚು. ನರರೋಗ ತಜ್ಞರ ಬಳಿ ಕಳುಹಿಸಿ ಇಇಜಿ ಮಾಡಿಸಿದಾಗ ಅದು ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ‘ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ’ ಎಂಬ ಒಂದು ಬಗೆಯ ಮೂರ್ಛೆರೋಗ ಎಂದು ಗೊತ್ತಾಯಿತು. ಆಟದಿಂದ ಮೂರ್ಛೆರೋಗ ಬಂತೇ? ಇಲ್ಲ. ಆ ಪ್ರವೃತ್ತಿ ಮಿದುಳಿನಲ್ಲಿ ಮೊದಲೇ ಇತ್ತು, ನಿದ್ದೆಗೇಡು ಅದನ್ನು ಕೆಣಕಿತು. ಈಗ ಅವನು ಮಾತ್ರೆ ತಪ್ಪಿಸುವುದಿಲ್ಲ, ಹತ್ತು ಗಂಟೆಗೆ ಮಲಗುತ್ತಾನೆ, ಭಾನುವಾರ ಮಧ್ಯಾಹ್ನ ಆಡುತ್ತಾನೆ. ಕಾಫಿ ಲೋಟ ಬಿದ್ದಿಲ್ಲ.

ಇಂತಹ ಲಕ್ಷಣ ಕಂಡರೆ ಅಲಕ್ಷ್ಯ ಬೇಡ. ಬೆಳಗಿನ ಈ ಸಣ್ಣ ಜಗ್ಗುವಿಕೆಯನ್ನು ಅಸಡ್ಡೆ ಎಂದುಕೊಂಡು ಬಿಟ್ಟರೆ ಮುಂದೆ ದೊಡ್ಡ ಫಿಟ್ಸ್ ಬರಬಹುದು. ಅದು ಬಚ್ಚಲಲ್ಲೋ ರಸ್ತೆಯಲ್ಲೋ ಬಂದರೆ ಪ್ರಾಣಕ್ಕೇ ಅಪಾಯ.

ಕಣ್ಣು, ಕತ್ತು, ಹೆಬ್ಬೆರಳು

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಕಣ್ಣೀರಿನ ತೆಳುಪದರ ಒಣಗಿ ಉರಿ, ಕೆಂಪು, ಮಸುಕು ಉಂಟಾಗುತ್ತವೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ ಎಂದು ಕಣ್ಣಿನ ತಜ್ಞರು ಹೇಳುತ್ತಾರೆ. ಸರದಿಯ ಆಟದಲ್ಲಿ ಇದು ಸುಲಭ. ಎದುರಾಳಿಯ ಸರದಿ ನಡೆಯುವಾಗ ಕಿಟಕಿಯಾಚೆಯ ತೆಂಗಿನ ಮರ ನೋಡಿದರಾಯಿತು.

ಬೆಳೆಯುವ ಮಕ್ಕಳಲ್ಲಿ ಹೆಚ್ಚುತ್ತಿರುವ ಸಮೀಪ ದೃಷ್ಟಿಗೆ ಹತ್ತಿರದ ಕೆಲಸದ ಜೊತೆಗೆ ಬಯಲಿನ ಬೆಳಕಿನ ಅಭಾವವೂ ಕಾರಣ. ತೈವಾನ್ ದೇಶ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಬಿಡುವ ಕಾರ್ಯಕ್ರಮ ಕೈಗೊಂಡ ನಂತರ, ವರ್ಷವರ್ಷವೂ ಏರುತ್ತಿದ್ದ ಕಡಿಮೆ ದೃಷ್ಟಿಯ ಪ್ರಮಾಣ ಇಳಿಮುಖವಾಯಿತು. ಆದ್ದರಿಂದ ಫೋನ್ ಕಿತ್ತುಕೊಂಡು ಅದೇ ಕೋಣೆಯಲ್ಲಿ ಪುಸ್ತಕದ ಮುಂದೆ ಕೂರಿಸಿದರೆ ಕಣ್ಣಿಗೆ ಅರ್ಧ ಲಾಭ ಮಾತ್ರ. ಮಗು ಅಂಗಳಕ್ಕೆ, ಮೈದಾನಕ್ಕೆ ಇಳಿಯಬೇಕು.

ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗಿದ್ದಾಗ ಬೆನ್ನುಮೂಳೆ ಅದನ್ನು ಹಗುರಾಗಿ ಹೊರುತ್ತದೆ. ಕತ್ತು ಬಗ್ಗಿದಷ್ಟೂ ಹಿಂಭಾಗದ ಸ್ನಾಯುಗಳ ಮೇಲೆ ಹೊರೆ ಹಲವು ಪಟ್ಟು ಏರುತ್ತದೆ. ಮೇಜಿನ ಮೇಲೆ ಮೊಣಕೈ ಊರಿ, ಫೋನನ್ನು ಕಣ್ಣಿನ ಮಟ್ಟಕ್ಕೆ ತರುವುದು ಒಳ್ಳೆಯದು. ಮಲಗಿಕೊಂಡು ಮುಖದ ಮೇಲೆ ಫೋನ್ ಹಿಡಿದು ಆಡುವುದು ಕತ್ತಿಗೂ ಕಣ್ಣಿಗೂ ಕೆಟ್ಟದ್ದು.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಬಂದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ನಿಧಾನವಾಗಿ ಬಗ್ಗಿಸಿ. ಆಗ ಚುಚ್ಚಿದಂತೆ ನೋವಾದರೆ ಸ್ನಾಯುರಜ್ಜುವಿನ ಕವಚ ಊದಿಕೊಂಡಿರಬಹುದು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ ಹೆಸರಿನಿಂದ ಈ ತೊಂದರೆಯನ್ನು ಕರೆಯುತ್ತಾರೆ. ಬಟ್ಟೆ ಹಿಂಡುವವರಲ್ಲಿ, ಎಳೆಗೂಸನ್ನು ಎತ್ತುವ ತಾಯಂದಿರಲ್ಲಿ ಕಾಣುತ್ತಿದ್ದ ಈ ನೋವು ಇಂದು ಫೋನ್ ಹಿಡಿಯುವವರಲ್ಲೂ ಕಾಣುತ್ತದೆ. ಹೆಬ್ಬೆರಳಿಗೆ ವಿಶ್ರಾಂತಿ ಕೊಟ್ಟು, ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಿನಿಂದ ಆಡಿದರೆ ಬಹುಮಂದಿಗೆ ವಾಸಿಯಾಗುತ್ತದೆ. ಎರಡು ಮೂರು ವಾರವಾದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಬುದ್ಧಿ ಬೆಳೆಯುತ್ತದೆಯೇ?

‘ಇದು ಯೋಚನೆಯ ಆಟ, ಮಿದುಳಿಗೆ ವ್ಯಾಯಾಮ’ ಎಂದು ಮಕ್ಕಳು ವಾದಿಸುತ್ತಾರೆ. ನಿವೃತ್ತರಾದ ಹಿರಿಯರೂ ಮರೆವು ಬಾರದಿರಲೆಂದು ಇಂತಹ ಒಗಟುಗಳನ್ನು ಆಡಲಾರಂಭಿಸಿದ್ದಾರೆ. ಇದರಲ್ಲಿ ನಿಜವೆಷ್ಟು?

ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ನೆನಪಿನ ತರಬೇತಿ ಪಡೆದವರು ನೆನಪಿನಲ್ಲಿ, ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಸುಧಾರಿಸಿದರು. ಆದರೆ ಒಂದರಲ್ಲಿ ಗಳಿಸಿದ್ದು ಇನ್ನೊಂದಕ್ಕೆ ಹರಿಯಲಿಲ್ಲ. ಗ್ರಹಿಕೆಯ ವೇಗಕ್ಕೆಂದೇ ತರಬೇತಿ ಪಡೆದವರಲ್ಲಿ ಹತ್ತು ವರ್ಷದ ನಂತರ ಮರೆವಿನ ಕಾಯಿಲೆ ಕಡಿಮೆಯಿತ್ತೆಂದು 2017ರಲ್ಲಿ ವರದಿಯಾಯಿತು. ಆದರೆ ಅದು ಆ ಉದ್ದೇಶಕ್ಕಾಗಿಯೇ ರೂಪಿಸಿದ ತರಬೇತಿ, ನಾವು ಮಾತನಾಡುತ್ತಿರುವ ನಿಧಾನದ ಆಟವಲ್ಲ. ಮಿದುಳು ಚುರುಕಾಗುತ್ತದೆಂದು ಜಾಹೀರಾತು ನೀಡಿದ ಲ್ಯುಮೋಸಿಟಿ ಎಂಬ ಆಟಗಳ ಸಂಸ್ಥೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು.

ಇನ್ನೊಂದು ಕಡೆ, 75 ದಾಟಿದ 469 ಮಂದಿಯನ್ನು ಗಮನಿಸಿದ ನ್ಯೂಯಾರ್ಕಿನ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದು, ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಈ ಹವ್ಯಾಸಗಳಿದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡುಬಂತು. ಆಟದಿಂದ ಮಿದುಳು ಚೆನ್ನಾಗಿತ್ತೋ, ಮಿದುಳು ಚೆನ್ನಾಗಿದ್ದುದರಿಂದ ಆಡುತ್ತಿದ್ದರೋ ಎಂದು ಇಂತಹ ಅಧ್ಯಯನದಿಂದ ಖಚಿತವಾಗಿ ಹೇಳಲಾಗದು. ಮಣೆಯಾಟವೆಂದರೆ ಎದುರಿಗೆ ಇನ್ನೊಬ್ಬರು ಇರುತ್ತಾರೆ, ಮಾತುಕತೆ ಇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ಆಡಿ, ಸಂತೋಷಕ್ಕಾಗಿ ಆಡಿ. ಔಷಧಿ ಎಂದುಕೊಂಡು ಆಡಬೇಡಿ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿಡುವುದು, ನಡಿಗೆ, ಕಿವಿ ಮಂದವಾದರೆ ಶ್ರವಣ ಸಾಧನ, ನಾಲ್ಕು ಜನರೊಡನೆ ಒಡನಾಟ, ಇವು ಮಿದುಳಿನ ರಕ್ಷಣೆಗೆ ಹೆಚ್ಚು ನಂಬಬಹುದಾದ ದಾರಿಗಳು. ಮಧುಮೇಹಿಗಳು ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಎದ್ದು ಓಡಾಡಬೇಕು.

ಹವ್ಯಾಸವೋ, ಕಾಯಿಲೆಯೋ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅಂದರೆ ಆಟದ ಗೀಳನ್ನು ಸೇರಿಸಿದೆ. ಅದಕ್ಕೆ ಮೂರು ಲಕ್ಷಣಗಳಿರಬೇಕು. ಒಂದು, ಯಾವಾಗ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹತೋಟಿ ತಪ್ಪುವುದು. ಎರಡು, ಬೇರೆಲ್ಲ ಆಸಕ್ತಿ, ದಿನಚರಿಗಳಿಗಿಂತ ಆಟವೇ ಮುಖ್ಯವಾಗುವುದು. ಮೂರು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿಯುವುದು. ಇದರಿಂದ ಓದು, ಕೆಲಸ, ಸಂಸಾರಗಳು ಗಣನೀಯವಾಗಿ ಕೆಟ್ಟಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗಿರಬೇಕು.

ಇಲ್ಲಿ ಗಂಟೆಯ ಲೆಕ್ಕವೇ ಇಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನಾನು ಪೋಷಕರಿಗೆ ‘ಎಷ್ಟು ಹೊತ್ತು ಆಡುತ್ತಾನೆ?’ ಎನ್ನುವುದಕ್ಕಿಂತ ‘ಮೊದಲು ಮಾಡುತ್ತಿದ್ದ ಯಾವುದನ್ನು ಬಿಟ್ಟಿದ್ದಾನೆ?’ ಎಂದು ಕೇಳುತ್ತೇನೆ. ರಜೆಯಲ್ಲಿ ಮೂರು ಗಂಟೆ ಆಡಿಯೂ ಸಂಜೆ ಕ್ರಿಕೆಟ್‌ಗೆ ಓಡುವ, ಹೊಟ್ಟೆ ತುಂಬ ಉಣ್ಣುವ, ಹೊತ್ತಿಗೆ ಮಲಗುವ ಹುಡುಗನಿಗೆ ಕಾಯಿಲೆಯಿಲ್ಲ. ಒಂದೂವರೆ ಗಂಟೆಯೇ ಆಡಿದರೂ ಸ್ನೇಹಿತರನ್ನು ಬಿಟ್ಟ, ಶಾಲೆಗೆ ಹೋಗಲೊಲ್ಲದ, ಊಟ ಬೇಡವೆನ್ನುವ ಹುಡುಗನ ವಿಷಯ ಬೇರೆ. ಅವನಲ್ಲಿ ಆಟ ರೋಗವೋ, ಇನ್ನಾವುದೋ ನೋವಿನಿಂದ ಬಚ್ಚಿಟ್ಟುಕೊಳ್ಳುವ ಮರೆಯೋ ಎಂದು ನೋಡಬೇಕು. ಖಿನ್ನತೆ, ಆತಂಕ, ಗಮನದ ಕೊರತೆ, ಶಾಲೆಯಲ್ಲಿ ಪೀಡಿಸುವವರು, ಇವೆಲ್ಲ ಆಟದ ಹಿಂದೆ ಅಡಗಿರಬಹುದು. ಆಗ ಫೋನ್ ಕಿತ್ತುಕೊಂಡರೆ ಮರೆ ಹೋಯಿತು, ನೋವು ಉಳಿಯಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇಂತಹ ತೊಂದರೆಗಳಿಗಾಗಿಯೇ ‘ಷಟ್’ ಎಂಬ ಚಿಕಿತ್ಸಾ ಕೇಂದ್ರವಿದೆ. ದೂರದ ಊರಿನವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿ ಮಾತನಾಡಬಹುದು. ‘ಹುಚ್ಚಿನ ಡಾಕ್ಟರ ಹತ್ತಿರ ಹೋಗುವುದೇ’ ಎಂಬ ಸಂಕೋಚ ಬೇಡ.

ಮನೆಯವರು ಏನು ಮಾಡಬಹುದು?

* ಯಾವ ಆಟ ಎಂದು ಮೊದಲು ತಿಳಿಯಿರಿ. ಮಗುವಿನ ಪಕ್ಕ ಕೂತು ಒಂದು ಆಟವನ್ನು ಪೂರ್ತಿ ನೋಡಿ. ಆಡಲು ಹೇಳಿಕೊಡು ಎಂದು ಕೇಳಿದರೆ ಇನ್ನೂ ಒಳ್ಳೆಯದು.

* ‘ಈಗ ಬಿಟ್ಟರೆ ಸೋತುಹೋಗ್ತೀನಿ’ ಎಂಬ ಮಾತು ಕಾಯದ ಆಟಕ್ಕೆ ನಿಜ. ತಂಡವಾಗಿ ಆಡುತ್ತಿದ್ದರೆ ನಡುವೆ ಬಿಡುವುದು ಕಷ್ಟವೇ. ಅಲ್ಲಿ ಪಂದ್ಯ ಮುಗಿಯಲು ಅವಕಾಶ ಕೊಡಿ, ಹೊಸದನ್ನು ಶುರು ಮಾಡಲು ಬಿಡಬೇಡಿ. ಯಂತ್ರದೊಡನೆ ಆಡುವ ಸರದಿಯ ಆಟಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅದು ತಾನಾಗಿಯೇ ನೆನಪಿಟ್ಟುಕೊಂಡು ನಾಳೆ ಅದೇ ಜಾಗದಿಂದ ಆರಂಭವಾಗುತ್ತದೆ.

* ಸರದಿಯ ಆಟಕ್ಕೆ ಸರದಿಯಲ್ಲೇ ಮಿತಿ ಹಾಕಿ. ‘ಇನ್ನು ಹತ್ತು ನಿಮಿಷ’ ಎಂದರೆ ಜಗಳ, ‘ಇನ್ನು ಐದು ಸರದಿ’ ಎಂದರೆ ಒಪ್ಪಂದ. ಮಿತಿಯನ್ನು ಆಟದ ಮೊದಲೇ ನಿರ್ಧರಿಸಿ. 30 ಸರದಿಗೆ ಮುಗಿಯುವಂಥ ವಿಧಾನವನ್ನೇ ಶಾಲೆಯ ದಿನಗಳಲ್ಲಿ ಆರಿಸಿಕೊಳ್ಳಲು ಹೇಳಿ.

* ‘ನಿಮ್ಮ ಸರದಿ ಬಂದಿದೆ’ ಎಂದು ಕರೆಯುವ ಸೂಚನೆಗಳನ್ನು ಫೋನಿನಲ್ಲಿ ನಿಲ್ಲಿಸಿ.

* ಮಲಗುವ ಒಂದು ಗಂಟೆ ಮೊದಲು ಮನೆಯವರೆಲ್ಲರ ಫೋನ್‌ಗಳೂ ನಡುಮನೆಯಲ್ಲಿ ಒಂದೇ ಕಡೆ ಇರಲಿ. ಅಪ್ಪನ ಫೋನ್ ಹಾಸಿಗೆಯಲ್ಲಿದ್ದರೆ ಮಗನ ಫೋನ್ ನಡುಮನೆಯಲ್ಲಿ ನಿಲ್ಲುವುದಿಲ್ಲ. ಎಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು.

* ಐದು ವರ್ಷದೊಳಗಿನವರಿಗೆ ಈ ಆಟಗಳು ಬೇಡ. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗಿರಲಿ ಎಂಬುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ.

* ಹಣದ ವಿಷಯದಲ್ಲಿ ಎಚ್ಚರ. ಪಾಲಿಟೋಪಿಯಾದಂತಹ ಆಟದಲ್ಲಿ ಕೆಲವು ಬುಡಕಟ್ಟುಗಳನ್ನು ಹಣ ಕೊಟ್ಟು ಕೊಳ್ಳಬೇಕಾಗುತ್ತದೆ. ಅದು ಅಂಗಡಿಯಲ್ಲಿ ಆಟಿಕೆ ಕೊಂಡಂತೆ. ಹಣ ಪಣವಿಟ್ಟು ಆಡುವುದು ಬೇರೆಯೇ ವಿಷಯ. ಅಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಪೋಷಕರು ಕೇಳುವ ಕೆಲವು ಪ್ರಶ್ನೆಗಳು

*ವಿಡಿಯೋ ಆಟದಿಂದ ಫಿಟ್ಸ್ ಬರುತ್ತದೆಯೇ?*

ಮಿನುಗುವ ಬೆಳಕಿನಿಂದ ಫಿಟ್ಸ್ ಬರುವವರು ಮೂರ್ಛೆರೋಗಿಗಳಲ್ಲಿ ನೂರಕ್ಕೆ ಸುಮಾರು ಮೂರು ಮಂದಿ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಮಿನುಗುವ ದೃಶ್ಯ ಕಂಡು ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ನಿಧಾನವಾಗಿ ನಡೆಯುವ ಸರದಿಯ ಆಟದಲ್ಲಿ ಅಂತಹ ಮಿನುಗು ಕಡಿಮೆ. ಮೂರ್ಛೆರೋಗವಿರುವವರಿಗೆ ಮುಖ್ಯ ಅಪಾಯ ನಿದ್ದೆಗೆಡುವುದು ಮತ್ತು ಮಾತ್ರೆ ಮರೆಯುವುದು.

*ಪರೀಕ್ಷೆ ಮುಗಿಯುವವರೆಗೆ ಪೂರ್ತಿ ನಿಲ್ಲಿಸಬಹುದೇ?*

ಮಗು ತಾನೇ ಒಪ್ಪಿದರೆ ನಿಲ್ಲಿಸಬಹುದು. ಬಲವಂತದಿಂದ ನಿಲ್ಲಿಸಿದರೆ ಕದ್ದು ಆಡುತ್ತದೆ, ಕದ್ದು ಆಡುವ ಹೊತ್ತು ರಾತ್ರಿಯೇ. ಅದಕ್ಕಿಂತ ಸಂಜೆ ಆರಕ್ಕೆ ಎಲ್ಲರ ಮುಂದೆ ಅರ್ಧ ಗಂಟೆ ಆಡಲು ಬಿಡುವುದು ಮೇಲು.

*ಫೋನ್ ತೆಗೆದುಕೊಂಡಾಗ ‘ಸತ್ತುಹೋಗುತ್ತೇನೆ’ ಎಂದು ಹೆದರಿಸುತ್ತಾನೆ. ಏನು ಮಾಡಲಿ?*

ಇದನ್ನು ನಾಟಕವೆಂದು ಎಂದಿಗೂ ತಳ್ಳಿಹಾಕಬೇಡಿ. ಬೈಯದೆ, ಅಣಕಿಸದೆ ಪಕ್ಕದಲ್ಲಿ ಕೂತು ಕೇಳಿ. ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇಡಿ. ಅದೇ ದಿನ ವೈದ್ಯರನ್ನು ಕಾಣಿ. ರಾತ್ರಿಯಾಗಿದ್ದರೆ 14416ಕ್ಕೆ ಕರೆಮಾಡಿ, ಅಪಾಯ ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಿ. ಆಟದ ವಿಷಯ, ಅಂಕದ ವಿಷಯ ಎಲ್ಲವನ್ನೂ ಆಮೇಲೆ ಮಾತನಾಡಬಹುದು.